ಮಳೆ ಬರೆದಿಟ್ಟವರ ಕಥೆ



2022ನೇ ಇಸವಿ ಸೆಪ್ಟೆಂಬರ್ ತಿಂಗಳ ಮೊದಲಲ್ಲಿ ಹಿರಿಯೂರಿನ ಕಡೆ ಹೋದವರಿಗೆ ಒಂದು ಜಾತ್ರೆಯೇ ಕಂಡಿರಬೇಕು. ಮಾರಿಕಣಿವೆ ಕೋಡಿ ಬಿದ್ದಿತ್ತು. ವೇದಾವತಿ ನದಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ಆ ವಾಣಿವಿಲಾಸ ಸಾಗರದ ಏರಿಯ ಮೇಲೆ ಮುದುಕರು, ಮಕ್ಕಳು, ಬಸುರಿ ಬಾಣಂತಿಯರು ಎಲ್ಲರೂ ನಿಂತು ನೀರು ನೋಡಿದರು. ಆ ವರ್ಷ ಮಳೆಯೂ ಜೋರಾಗಿತ್ತು, ಭದ್ರೆಯ ನೀರೂ ಬಂದು ಸೇರಿತ್ತು. ನೀರಿನ ಮಟ್ಟ 130 ಅಡಿ ದಾಟಿತು. "ಹಿಂದೆ 1933ರಲ್ಲಿ ಕೋಡಿ ಬಿದ್ದಿದ್ದು, ಈಗ 89 ವರ್ಷದ ಮೇಲೆ ಮತ್ತೆ ಬಿತ್ತು" ಅಂತ ಎಲ್ಲರ ಬಾಯಲ್ಲೂ ಅದೇ ಮಾತು.

ಈಗ ನಾನೊಂದು ಪ್ರಶ್ನೆ ಕೇಳ್ತೇನೆ. 1933ರಲ್ಲಿ ಕೋಡಿ ಬಿದ್ದದ್ದು, ನಡುವೆ ಒಂದು ಸಲವೂ ಬೀಳದೇ ಇದ್ದದ್ದು ನಮಗೆ ಹೇಗೆ ಗೊತ್ತಾಯಿತು? ಆಗ ಹತ್ತು ವರ್ಷದ ಹುಡುಗನಾಗಿದ್ದವನಿಗೆ 2022ರಲ್ಲಿ 99 ತುಂಬಿರಬೇಕು. ಅವನೊಬ್ಬನ ನೆನಪನ್ನು ನಂಬಿ ಇಷ್ಟು ಗಟ್ಟಿಯಾಗಿ ಹೇಳಲಾಗುತ್ತದೆಯೇ? ಇಲ್ಲ. ಅಣೆಕಟ್ಟಿನ ಹತ್ತಿರ ಯಾರೋ ಒಬ್ಬರು ಅಳತೆ ಪಟ್ಟಿ ನೋಡಿ, ಇವತ್ತು ಇಷ್ಟು ಅಡಿ ಎಂದು ದಫ್ತರದಲ್ಲಿ ಬರೆದರು. ಅವರು ನಿವೃತ್ತರಾದ ಮೇಲೆ ಇನ್ನೊಬ್ಬರು ಬರೆದರು. ನೀರು ಇದ್ದಾಗಲೂ ಬರೆದರು, ಇಲ್ಲದಾಗಲೂ ಬರೆದರು. ಹಾಗೆ ಬರೆದಿಟ್ಟವರ ಕಥೆಯನ್ನೇ ಇಂದು ನಿಮಗೆ ಹೇಳಬೇಕೆಂದಿದ್ದೇನೆ. ಇದು ರಾಜರ ಕಥೆಯಲ್ಲ, ನೀರಿನ ಲೆಕ್ಕ ಇಟ್ಟವರ ಕಥೆ. ಆ ಲೆಕ್ಕ ನಿಮ್ಮ ಮನೆಗೂ ಯಾಕೆ ಬೇಕು ಅನ್ನೋದನ್ನು ಕೊನೆಯಲ್ಲಿ ನೀವೇ ತೀರ್ಮಾನಿಸಿ.

ಬರವಣಿಗೆ ಇಲ್ಲದ ಕಾಲದಲ್ಲೂ ಒಕ್ಕಲಿಗ ಮಳೆಯ ಲೆಕ್ಕ ಇಟ್ಟಿದ್ದ. ಅವನ ಪುಸ್ತಕ ಅವನ ನಾಲಗೆ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರಾ ಎಂದು ಮಳೆಗಾಲವನ್ನು ಹದಿಮೂರು ಹದಿನಾಲ್ಕು ದಿನಗಳ ತುಂಡು ಮಾಡಿ, ಒಂದೊಂದಕ್ಕೂ ಒಂದು ಗಾದೆ ಕಟ್ಟಿದ. ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ, ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ. ಓದು ಬಾರದ ಮನೆಯಲ್ಲೂ ಈ ಪಂಚಾಂಗ ಬಾಯಿಪಾಠ. ಇದು ಸಣ್ಣ ವಿದ್ಯೆಯಲ್ಲ.

ಆದರೆ ಈ ಲೆಕ್ಕದಲ್ಲಿ ಒಂದು ಸೂಕ್ಷ್ಮ ಇದೆ, ಅದನ್ನು ತಿಳಿದಿರಬೇಕು. ಮಳೆ ನಕ್ಷತ್ರ ನಡೆಯುವುದು ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆ ಎಂಬುದರ ಮೇಲೆ. ಬಿಸಿಲು, ಗಾಳಿ, ಮುಂಗಾರು ನಡೆಯುವುದು ಋತುವಿನ ಮೇಲೆ. ಈ ಎರಡು ವರ್ಷಗಳಿಗೂ ಸುಮಾರು 20 ನಿಮಿಷದ ವ್ಯತ್ಯಾಸ ಉಂಟು. ಇಪ್ಪತ್ತು ನಿಮಿಷ ಏನು ಮಹಾ ಅಂತೀರಾ? ಅದು ಕೂಡುತ್ತಾ ಹೋಗಿ ಸುಮಾರು 72 ವರ್ಷಕ್ಕೆ ಒಂದು ದಿನವಾಗುತ್ತದೆ. ಸಾವಿರ ವರ್ಷಕ್ಕೆ ಹದಿನಾಲ್ಕು ದಿನ, ಅಂದರೆ ಒಂದು ಇಡೀ ಮಳೆ! ಇಂದು ಮೃಗಶಿರದಲ್ಲಿ ಬೀಳುವ ಮಳೆ ಸಾವಿರ ವರ್ಷದ ಹಿಂದೆ ಆರಿದ್ರಾ ಲೆಕ್ಕಕ್ಕೆ ಬೀಳುತ್ತಿತ್ತು. ಗಾದೆ ಸುಳ್ಳಲ್ಲ. ಆದರೆ ಹಳೆಯ ಗಾದೆಯನ್ನೂ ಆಗಾಗ ಹೊಲದ ಲೆಕ್ಕಕ್ಕೆ ಒರೆ ಹಚ್ಚಿ ನೋಡಬೇಕು. ಒರೆ ಹಚ್ಚಬೇಕಾದರೆ ಬರೆದದ್ದು ಕೈಯಲ್ಲಿರಬೇಕು.

ಬರೆಯುವ ಪದ್ಧತಿ ನಮ್ಮ ದೇಶಕ್ಕೆ ಹೊಸದೇನೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ರಾಜನ ಕಣಜದ ಮುಂದೆ ಒಂದು ಮೊಳ ಅಗಲದ ಬಾಯಿಯ ಪಾತ್ರೆ ಇಟ್ಟು ಮಳೆ ಅಳೆಯಬೇಕೆಂದು ಹೇಳಿದೆ. ಯಾವ ಸೀಮೆಯಲ್ಲಿ ಎಷ್ಟು ದ್ರೋಣ ಮಳೆ ಬೀಳುತ್ತದೆ ಎಂಬ ಪಟ್ಟಿಯೂ ಅಲ್ಲಿದೆ. ಮಳೆಯ ಅಳತೆ ನೋಡಿ ಬೀಜ ಬಿತ್ತಿಸಬೇಕು ಎಂಬುದು ಅದರ ಉದ್ದೇಶ. ಪಾತ್ರೆಯನ್ನು ಇಡಿಸಿದ್ದು ಕಣಜದ ಎದುರಿಗೆ ಎಂಬುದನ್ನು ಗಮನಿಸಿ. ಮಳೆಗೂ ಕಾಳಿಗೂ ಇರುವ ಸಂಬಂಧ ಅವರಿಗೆ ತಿಳಿದಿತ್ತು.

ನಮ್ಮ ನಾಡಿಗೆ ಬನ್ನಿ. ಶಿಕಾರಿಪುರದ ಹತ್ತಿರ ತಾಳಗುಂದದಲ್ಲಿ ಐದನೆಯ ಶತಮಾನದ ಒಂದು ಕಲ್ಲುಕಂಬ ನಿಂತಿದೆ. ಕದಂಬರ ವಂಶದ ಕಥೆಯನ್ನು ಸಾರುವ ಆ ಕಂಬವನ್ನು ಬರೆಸಿದ ಸಂದರ್ಭ ಯಾವುದು ಗೊತ್ತೇ? ಕಾಕುಸ್ಥವರ್ಮನು ಅಲ್ಲೊಂದು ಕೆರೆ ಕಟ್ಟಿಸಿದ್ದು. ಮುಂದಿನ ಶತಮಾನಗಳಲ್ಲಿ ಕೆರೆಯ ಮಾತು ಹೇಳುವ ಶಾಸನಗಳು ಊರೂರಿಗೂ ಬಂದವು. ಕೆರೆ ಕಟ್ಟಿದವನಿಗೆ, ದುರಸ್ತಿ ಮಾಡಿದವನಿಗೆ ಕೊಟ್ಟ ಭೂಮಿ ಕಟ್ಟುಕೊಡಗೆ. ಕೆರೆಯ ಪಾಲನೆಗೆಂದು ಬಿಟ್ಟ ದತ್ತಿ ಬಿತ್ತುವಟ್ಟ. ಇವೆಲ್ಲ ಕಲ್ಲಿನ ಮೇಲೆ ಬರೆದ ನೀರಿನ ಲೆಕ್ಕವೇ.

ಇವುಗಳ ಪೈಕಿ ಕಡಪ ಸೀಮೆಯ ಪೋರುಮಾಮಿಳ್ಳದ ಶಾಸನ ರೈತರೆಲ್ಲ ತಿಳಿಯಬೇಕಾದದ್ದು. 1369ರಲ್ಲಿ ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಅಲ್ಲಿ ಕೆರೆ ಕಟ್ಟಿಸಿದ. ಸಾವಿರ ಆಳು, ನೂರು ಗಾಡಿ, ಎರಡು ವರ್ಷದ ಕೆಲಸ. ಒಳ್ಳೆ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಇರಬಾರದ ಆರು ದೋಷಗಳನ್ನೂ ಆ ಕಲ್ಲಿನಲ್ಲಿ ಹೇಳಿದೆ. ಏರಿಯಲ್ಲಿ ನೀರು ಜಿನುಗುವುದು ಒಂದು ದೋಷ, ಚೌಳು ಮಣ್ಣು ಒಂದು ದೋಷ. ಇನ್ನೊಂದು ದೋಷ ಕೇಳಿ: ನೀರು ಕಡಿಮೆ, ಅಚ್ಚುಕಟ್ಟು ಹೆಚ್ಚು. ಆರೂವರೆ ಶತಮಾನದ ಹಿಂದೆಯೇ ಹೇಳಿದ ಮಾತು ಇದು. ಇಂದು ಒಂದೂವರೆ ಇಂಚು ನೀರಿನ ಕೊಳವೆಬಾವಿ ನಂಬಿ ಮೂರು ಎಕರೆ ಬಾಳೆ ಇಡುತ್ತೇವಲ್ಲ, ಅದು ಇದೇ ದೋಷ ಅಲ್ಲವೇ? ನೀರು ಕಡಿಮೆಯೋ ಹೆಚ್ಚೋ ಎಂದು ತಿಳಿಯಬೇಕಾದರೆ ಮೊದಲು ಅಳೆಯಬೇಕು. ಅವರು ಅಳೆದರು, ನಾವು ಅಂದಾಜಿನಲ್ಲಿ ನಡೆದೆವು.

ಕೆರೆಯ ನೀರನ್ನು ದಿನದಿನವೂ ನೋಡುತ್ತಿದ್ದವನು ನೀರುಗಂಟಿ. ತೂಬಿನ ಕಲ್ಲಿಗೆ ನೀರು ಎಲ್ಲಿಯವರೆಗೆ ಬಂದಿದೆ, ಅದರಲ್ಲಿ ಎಷ್ಟು ಗದ್ದೆ ನಾಟಿ ಮಾಡಬಹುದು ಅನ್ನೋದು ಅವನಿಗೆ ಕಣ್ಣಳತೆ. ಊರಿನ ಲೆಕ್ಕವೆಲ್ಲ ಶಾನುಭೋಗರ ಕಡತದಲ್ಲಿ. ಕಡತ ಎಂದರೆ ಈಗ ಕಚೇರಿಯ ಫೈಲು ಅಂದುಕೊಳ್ಳುತ್ತೇವೆ. ಹಿಂದೆ ಅದು ಬಟ್ಟೆ. ಹುಣಿಸೆಬೀಜದ ಅಂಟಿಗೆ ಇದ್ದಿಲು ಪುಡಿ ಕಲಸಿ, ಬಟ್ಟೆಗೆ ಬಳಿದು ಒಣಗಿಸಿ, ಮಡಿಸಿಟ್ಟು, ಬಳಪದಲ್ಲಿ ಬರೆಯುತ್ತಿದ್ದರು. ಕಂದಾಯ, ಜಮೀನು, ಫಸಲು ಎಲ್ಲಾ ಅದರಲ್ಲಿ ಏರುತ್ತಿತ್ತು. ಆದರೆ ನೀರುಗಂಟಿಯ ಕಣ್ಣಳತೆ ಬಹುಮಟ್ಟಿಗೆ ಅವನ ತಲೆಯಲ್ಲೇ ಉಳಿಯಿತು. ಅವನು ಹೋದ ದಿನ ಅದೂ ಅವನ ಜೊತೆ ಹೋಯಿತು.

1800ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿ ಸರ್ಕಾರದ ಅಪ್ಪಣೆ ಮೇಲೆ ಮದರಾಸಿನಿಂದ ಹೊರಟು ಮೈಸೂರು, ಮಲಬಾರು, ಕನ್ನಡ ಜಿಲ್ಲೆಗಳನ್ನೆಲ್ಲ ಸುತ್ತಿದ. ದಿನಕ್ಕೊಂದು ಊರು. ಇಳಿದ ಕಡೆಯಲ್ಲಿ ರೈತರನ್ನು ಕರೆದು, ಮಣ್ಣು ಯಾವುದು, ರಾಗಿ ಯಾವಾಗ ಬಿತ್ತುತ್ತೀರಿ, ಕೆರೆಗೆ ನೀರು ಎಲ್ಲಿಂದ, ಮಳೆ ಹೇಗೆ ಎಂದು ಕೇಳಿ ರಾತ್ರಿ ಬರೆದಿಡುತ್ತಿದ್ದ. 1807ರಲ್ಲಿ ಅದು ಮೂರು ಸಂಪುಟವಾಗಿ ಲಂಡನ್ನಿನಲ್ಲಿ ಅಚ್ಚಾಯಿತು. ಆಳುವವರಿಗೆ ನಾಡಿನ ಹುಟ್ಟುವಳಿ ತಿಳಿಯಲಿ ಎಂದು ಬರೆಸಿದ್ದು ಅದು, ನಮ್ಮ ಉಪಕಾರಕ್ಕಲ್ಲ. ಆದರೂ ಆ ಕಾಲದ ನಮ್ಮ ಒಕ್ಕಲುತನ ತಿಳಿಯಬೇಕಾದರೆ ಇಂದು ವಿದ್ವಾಂಸರು ಅದನ್ನೇ ತೆಗೆಯುತ್ತಾರೆ. ಉತ್ತರ ಹೇಳಿದ ನಮ್ಮ ರೈತರ ಮನೆಗಳಲ್ಲಿ ಒಂದು ಚೀಟಿಯೂ ಉಳಿಯಲಿಲ್ಲ.

ಇನ್ನು ದುಃಖದ ಮಾತಿಗೆ ಬರಬೇಕು. 1876ರಲ್ಲಿ ಮಳೆ ಕೈಕೊಟ್ಟಿತು. ಮರುವರ್ಷವೂ ಕಷ್ಟವೇ. ಧಾತು ಸಂವತ್ಸರದಲ್ಲಿ ಹಿಡಿದು ಈಶ್ವರ ಸಂವತ್ಸರದಲ್ಲೂ ಬಿಡದ ಆ ಬರವನ್ನು ಧಾತು ಈಶ್ವರ ಬರ ಎಂದೇ ಜನ ಕರೆದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷಕ್ಕೂ ಮೇಲೆ ಜನರಿದ್ದರು. 1881ರ ಗಣತಿಯಲ್ಲಿ ಉಳಿದದ್ದು 42 ಲಕ್ಷದ ಸುಮಾರು. ಹುಟ್ಟಿದ ಮಕ್ಕಳನ್ನೂ ಸೇರಿಸಿ ಎಣಿಸಿದ ಮೇಲೆ ಇಷ್ಟು! ಎಷ್ಟು ಮನೆಗಳ ಒಲೆ ಆರಿತೋ ನೀವೇ ಊಹಿಸಿ. ಇಷ್ಟೊಂದು ಜನ ಸತ್ತದ್ದು ಮಳೆಯೊಂದರಿಂದಲೇ ಅಲ್ಲ. ಕೊಳ್ಳಲು ಕಾಸಿಲ್ಲದವರಿಗೆ ಕಾಳು ಮುಟ್ಟಲಿಲ್ಲ, ಪರಿಹಾರ ತಡವಾಯಿತು, ಸಾಕಾಗಲಿಲ್ಲ.

ಆ ಬರಕ್ಕೆ ಒಂದು ವರ್ಷ ಮುಂಚೆ, 1875ರಲ್ಲಿ, ಭಾರತದ ಹವಾಮಾನ ಇಲಾಖೆ ಹುಟ್ಟಿತ್ತು. 1864ರಲ್ಲಿ ಕಲ್ಕತ್ತೆಗೆ ಹೊಡೆದ ಚಂಡಮಾರುತ, 1866ರಲ್ಲೂ 1871ರಲ್ಲೂ ತಪ್ಪಿದ ಮಳೆ, ಇವು ಅದಕ್ಕೆ ಕಾರಣ. ಹೆನ್ರಿ ಬ್ಲಾನ್‌ಫೋರ್ಡ್ ಎಂಬಾತ ಅದರ ಮೊದಲ ಅಧಿಕಾರಿ. ಊರೂರಿನ ಮಳೆ ಅಳತೆ ಒಂದೇ ಪದ್ಧತಿಯಲ್ಲಿ ಬರೆಯಬೇಕೆಂಬ ಕಟ್ಟುಪಾಡು ಬೆಳೆಯಿತು. ನಮ್ಮ ಮೈಸೂರು ಸಂಸ್ಥಾನದಲ್ಲೂ 1890ರ ದಶಕದಲ್ಲಿ, ಬೆಂಗಳೂರು ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಅವರ ಮೇಲ್ವಿಚಾರಣೆಯಲ್ಲಿ ಮಳೆ ಲೆಕ್ಕ ವ್ಯವಸ್ಥೆಗೆ ಬಂತು.

1904ರಲ್ಲಿ ಆ ಇಲಾಖೆಗೆ ಗಿಲ್ಬರ್ಟ್ ವಾಕರ್ ಎಂಬ ಗಣಿತಜ್ಞ ಬಂದ. ಮೋಡದ ವಿದ್ಯೆ ಅವನಿಗೆ ಹೊಸದು, ಬಲ್ಲದ್ದು ಲೆಕ್ಕ. ದೇಶದೇಶಗಳಿಂದ ಬಂದ ಮಳೆಯ, ಗಾಳಿಯ ಒತ್ತಡದ, ಹೊಳೆಯ ನೀರಿನ ಅಂಕಿಗಳನ್ನು ಅವನೂ ನಮ್ಮ ದೇಶದ ಗುಮಾಸ್ತರೂ ವರ್ಷಗಟ್ಟಲೆ ಕೈಯಿಂದಲೇ ಕೂಡಿ ಕಳೆದು ನೋಡಿದರು. ಕೊನೆಗೆ 1920ರ ದಶಕದಲ್ಲಿ ಒಂದು ಗುಟ್ಟು ಹೊರಬಿತ್ತು. ಪೆಸಿಫಿಕ್ ಸಾಗರದ ಕಡೆ ಗಾಳಿಯ ಒತ್ತಡ ಏರಿದರೆ ಹಿಂದೂ ಸಾಗರದ ಕಡೆ ಇಳಿಯುತ್ತದೆ, ಅಲ್ಲಿ ಇಳಿದರೆ ಇಲ್ಲಿ ಏರುತ್ತದೆ, ಏತದ ಎರಡು ತುದಿ ಇದ್ದ ಹಾಗೆ. ನಮ್ಮ ಮುಂಗಾರಿಗೂ ಈ ಏತಕ್ಕೂ ನಂಟು ಉಂಟು. ಆಮೇಲೆ ಬಂದ ವಿಜ್ಞಾನಿಗಳು ಇದನ್ನು ಪೆಸಿಫಿಕ್ ಸಾಗರದ ನೀರು ಬಿಸಿಯಾಗುವ ಎಲ್ ನಿನೋ ಜೊತೆ ಜೋಡಿಸಿದರು. ಹಿಂದಿನ ದಾಖಲೆ ತೆಗೆದು ನೋಡಿದರೆ, 1877ರಲ್ಲಿ ಭಾರಿ ಎಲ್ ನಿನೋ! ನಮ್ಮ ಮುತ್ತಜ್ಜಂದಿರು ಯಾವ ಪಾಪಕ್ಕೆ ಈ ಶಿಕ್ಷೆ ಎಂದು ದೇವರ ಮುಂದೆ ಅತ್ತರು. ಮಳೆ ತಪ್ಪಿದ ಕಾರಣ ಸಾವಿರಾರು ಮೈಲಿ ಆಚೆಯ ಕಡಲಲ್ಲೂ ಇತ್ತು. ಅದನ್ನು ತಿಳಿಸಿದ್ದು ದಿನಾ ಬೆಳಿಗ್ಗೆ ಎದ್ದು ಅಳೆದು ಬರೆದವರ ಪುಸ್ತಕ.

"ಹಾಗಾದರೆ ಇಲಾಖೆಯವರೇ ಬರೀತಾರಲ್ಲ, ನಾವು ಯಾಕೆ ಬರೀಬೇಕು?" ಅಂತ ನೀವು ಕೇಳಬಹುದು. ಮಾತು ಸರಿ. ಹವಾಮಾನ ಇಲಾಖೆ ಇದೆ, ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಮಳೆಮಾಪಕ ಬಂದಿದೆ, ಫೋನಿನಲ್ಲೇ ಮಳೆ ಸುದ್ದಿ ಸಿಗುತ್ತದೆ. ಅದನ್ನೂ ಕೇಳಿ. ಆದರೆ ದೊಡ್ಡ ಲೆಕ್ಕ ನಿಮ್ಮ ಹೊಲಕ್ಕೆ ಪೂರ್ತಿ ಹೊಂದುವುದಿಲ್ಲ. 1997ರಲ್ಲಿ ಎಲ್ ನಿನೋ ಬಲವಾಗಿತ್ತು, ದೇಶದ ಒಟ್ಟು ಮುಂಗಾರು ಮಾತ್ರ ಸರಿಯಾಗೇ ಆಯಿತು. 2023ರ ಎಲ್ ನಿನೋದಲ್ಲಿ ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸಾರಬೇಕಾಯಿತು. ಆಗುಂಬೆಯಲ್ಲಿ 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4,508 ಮಿಲಿಮೀಟರ್ ಮಳೆ ಸುರಿದ ದಾಖಲೆ ಇದೆ. ಅಲ್ಲಿಂದ ನೇರ ಅಳೆದರೆ 200 ಕಿಲೋಮೀಟರಿನ ಒಳಗಿರುವ ಚಳ್ಳಕೆರೆಯಲ್ಲಿ ಇಡೀ ವರ್ಷಕ್ಕೆ 500 ಮಿಲಿಮೀಟರ್ ಬಿದ್ದರೆ ಪುಣ್ಯ. ತಾಲ್ಲೂಕು ತಾಲ್ಲೂಕಿಗೆ ಹೀಗಾದರೆ, ಹೊಲ ಹೊಲಕ್ಕೂ ವ್ಯತ್ಯಾಸ ಇರದೇ?

ಇದನ್ನು ನಾನು ಪುಸ್ತಕದಲ್ಲಿ ಓದಿ ಕಲಿಯಲಿಲ್ಲ, ತಪ್ಪು ಮಾಡಿ ಕಲಿತೆ. ಕೆಲಸಕ್ಕೆ ಸೇರಿದ ಹೊಸತು. ಮೃಗಶಿರ ಮಳೆಯಲ್ಲಿ ಒಂದು ರಾತ್ರಿ ನಾನಿದ್ದ ಹೋಬಳಿ ಊರಿನಲ್ಲಿ ಒಳ್ಳೆ ಹದ ಮಳೆ ಆಯಿತು. ಬೆಳಿಗ್ಗೆಯೇ ಎಂಟು ಕಿಲೋಮೀಟರ್ ಆಚೆಯ ಹಳ್ಳಿಗೆ ಹೋಗಿ, ಹದ ಬಂದಿದೆ, ಇನ್ನು ಕಾಯಬೇಡಿ, ಕಡಲೆಕಾಯಿ ಬಿತ್ತಿ ಅಂದೆ. ಅಲ್ಲೂ ನೆಲದ ಮೇಲೆ ಒದ್ದೆ ಕಂಡಿತ್ತು, ನಾನು ಕೆದಕಿ ನೋಡಲಿಲ್ಲ. ನನ್ನ ಮಾತು ನಂಬಿ ಕೆಲವರು ಬಿತ್ತಿದರು. ಬೀಜ ಅರ್ಧಂಬರ್ಧ ಮೊಳೆತು, ಮುಂದಿನ ಎರಡು ವಾರದ ಬಿಸಿಲಿಗೆ ಸುಟ್ಟಿತು. ಹೊಲದ ಬದುವಿನಲ್ಲಿ ನಿಂತ ಒಬ್ಬ ಅಜ್ಜಿ, "ಸ್ವಾಮಿ, ನಿಮ್ಮೂರ್ ಮಳೇಗೆ ನಮ್ಮೂರಲ್ಲಿ ಬಿತ್ತಿಸಿಬಿಟ್ರಲ್ಲ" ಅಂದರು. ಬೈದಿದ್ದರೆ ಮರೆಯುತ್ತಿದ್ದೆನೋ ಏನೋ. ಆ ಮಾತು ಇನ್ನೂ ಕಿವಿಯಲ್ಲಿದೆ. ಅಂದಿನಿಂದ ಯಾರಿಗೂ ಮಳೆ ಆಯಿತು ಎಂದು ನಾನು ಹೇಳುವುದಿಲ್ಲ, ನಿಮ್ಮಲ್ಲಿ ಎಷ್ಟು ಆಯಿತು ಎಂದು ಕೇಳುತ್ತೇನೆ.

ಅದೇ ಹಳ್ಳಿಯಲ್ಲಿ ಈಗ ಒಬ್ಬ ಗೃಹಿಣಿ ಮಗಳ ಹಳೇ ನೋಟುಪುಸ್ತಕದಲ್ಲಿ ಬಾವಿ ಹಗ್ಗದ ಲೆಕ್ಕ ಇಟ್ಟಿದ್ದಾರೆ. ಒಂದು ವರ್ಷ ಜನವರಿಯಲ್ಲಿ ಹಗ್ಗ ಒಂಬತ್ತು ಮೊಳ ಇಳಿಯಿತು. ಪುಸ್ತಕ ತೆಗೆದರೆ ಹಿಂದಿನ ಎರಡು ಜನವರಿಯಲ್ಲೂ ಆರು ಮೊಳ. ಗಂಡ ಬೇಸಿಗೆ ಭತ್ತಕ್ಕೆ ಸಾಲ ತರಲು ಹೊರಟಿದ್ದವರು ನಿಂತರು. ಹುರುಳಿ ಚೆಲ್ಲಿ, ಉಳಿದ ನೀರನ್ನು ದನಕ್ಕೂ ತೆಂಗಿಗೂ ಇಟ್ಟುಕೊಂಡರು. ಆ ಏಪ್ರಿಲ್ಲಿನಲ್ಲಿ ಸುತ್ತಲಿನ ಮೂರು ಭತ್ತದ ಗದ್ದೆ ಒಣಗಿದವು. ಅವರ ಮನೆಯಲ್ಲಿ ಸಾಲ ಇರಲಿಲ್ಲ. ಮಲೆನಾಡು, ಕೊಡಗಿನ ಎಷ್ಟೋ ಕಾಫಿ ತೋಟಗಳಲ್ಲಿ ಅಜ್ಜನ ಕಾಲದಿಂದಲೂ ಇಂಚು ಸೆಂಟಿನ ಲೆಕ್ಕದಲ್ಲಿ ಮಳೆ ಪುಸ್ತಕ ಇದೆ. ಹೂಮಳೆ ಯಾವ ದಿನ ಬಿತ್ತು ಎಂದು ಅವರು ತೆಗೆದು ತೋರಿಸುತ್ತಾರೆ. ತೋಟದವರಿಗೆ ಇರುವ ಪುಸ್ತಕ ರಾಗಿ ಹೊಲದವನಿಗೆ ಯಾಕೆ ಬೇಡ?

ಪುಸ್ತಕ ಇಡುವ ಬಗೆ ಬಹಳ ಸುಲಭ. ತಳವೂ ಬಾಯಿಯೂ ಒಂದೇ ಅಗಲ ಇರುವ, ನೇರ ಗೋಡೆಯ ಒಂದು ಡಬ್ಬ ಸಾಕು. ಮರ, ಸೂರು ತಾಗದ ಬಯಲಲ್ಲಿ ಅಲುಗಾಡದಂತೆ ನಿಲ್ಲಿಸಿ. ದಿನಾ ಬೆಳಿಗ್ಗೆ ಎಂಟೂವರೆಗೆ ಮಕ್ಕಳ ಸ್ಕೇಲು ಇಳಿಸಿ, ಎಷ್ಟು ಮಿಲಿಮೀಟರ್ ಎಂದು ನೋಡಿ, ಬರೆದು, ನೀರು ಚೆಲ್ಲಿ. ಹವಾಮಾನ ಇಲಾಖೆಯವರೂ ಅಳೆಯುವುದು ಅದೇ ಹೊತ್ತಿಗೆ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಎಕರೆಗೆ ಸುಮಾರು ನಾಲ್ಕು ಸಾವಿರ ಲೀಟರು ನೀರು. 25 ಮಿಲಿಮೀಟರ್ ಬಿದ್ದರೆ ಎಕರೆಗೆ ಒಂದು ಲಕ್ಷ ಲೀಟರು! ಬದು ಕಟ್ಟದೆ ಬಿಟ್ಟರೆ ಕಳೆಯುವುದು ಎಷ್ಟು ಎಂದು ಆಗ ತಿಳಿಯುತ್ತದೆ. ಬಿತ್ತುವ ಮುಂಚೆ ನೆಲ ಕೆದಕಿ ತೇವ ಎಷ್ಟು ಬೆರಳು ಇಳಿದಿದೆ ಎಂಬುದನ್ನೂ ಬರೆಯಿರಿ.

ಬಾವಿಯ ಲೆಕ್ಕ ಹೆಣ್ಣುಮಕ್ಕಳ ಕೈಯಲ್ಲೇ ಇದೆ. ಬೆಳಿಗ್ಗೆ ನೀರು ಸೇದುವ ಮುಂಚೆ, ಪಂಪು ಹಾಕುವ ಮುಂಚೆ, ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಕಟ್ಟೆಯಿಂದ ನೀರಿಗೆ ಎಷ್ಟು ಮೊಳ ಎಂದು ಬರೆಯಿರಿ. ಪ್ರತಿ ಸಲವೂ ಒಬ್ಬರದೇ ಕೈ ಮೊಳ ಇರಲಿ. ತಿಂಗಳಿಗೊಮ್ಮೆ ಸಾಕು. ಅದೂ ಆಗದಿದ್ದರೆ ಮಳೆಗೆ ಮುಂಚೆ ಮೇ ತಿಂಗಳಲ್ಲಿ, ಆಗಸ್ಟಿನಲ್ಲಿ, ನವೆಂಬರಿನಲ್ಲಿ, ಜನವರಿಯಲ್ಲಿ ಅಳೆಯಿರಿ. ಕೇಂದ್ರ ಅಂತರ್ಜಲ ಮಂಡಳಿಯವರೂ ವರ್ಷಕ್ಕೆ ನಾಲ್ಕು ಸಲವೇ ಅಳೆಯುವುದು. ಕೊಳವೆಬಾವಿಗೆ ಹಗ್ಗ ಇಳಿಸಬೇಡಿ. ಇನ್ನೂರು ಲೀಟರಿನ ಡ್ರಮ್ಮು ತುಂಬಲು ಎಷ್ಟು ನಿಮಿಷ ಹಿಡಿಯಿತು ಎಂದು ಬರೆದರೆ ಆಯಿತು.

ಜೊತೆಗೆ ಸುತ್ತಲಿನ ಗಿಡ, ಹಕ್ಕಿ, ಹುಳುವಿನ ಮೇಲೂ ಒಂದು ಕಣ್ಣಿರಲಿ. ಹೊಂಗೆ ಚಿಗುರಿದ್ದು ಯಾವತ್ತು, ಗೆದ್ದಲು ರೆಕ್ಕೆ ಕಟ್ಟಿ ಎದ್ದದ್ದು ಯಾವತ್ತು, ಗೀಜಗ ಬಾವಿಯ ಮೇಲೆ ಗೂಡು ನೇಯಲು ಶುರು ಮಾಡಿದ್ದು ಯಾವತ್ತು, ಕೆರೆಗೆ ಕೊಕ್ಕರೆ ಬಂದದ್ದು, ಬಿಟ್ಟು ಹೋದದ್ದು ಯಾವತ್ತು. ಕಾವೇರಿಯ ನಡುಗಡ್ಡೆಗಳಲ್ಲಿ ಹಕ್ಕಿಗಳು ಗೂಡು ಕಟ್ಟುವುದನ್ನು ಸಲೀಂ ಅಲಿ ಅವರು ಕಣ್ಣಿಟ್ಟು ನೋಡಿ ಅರಸರಿಗೆ ತಿಳಿಸಿದ್ದರಿಂದಲೇ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಹಕ್ಕಿ ಬರುವುದು ನೀರನ್ನೂ ಮೀನನ್ನೂ ನಂಬಿ. ಅದು ಬಾರದ ವರ್ಷ ಕೆರೆಗೆ ಏನೋ ಆಗಿದೆ ಎಂದು ತಿಳಿಯಬೇಕು.

ಒಂದೇ ವರ್ಷದ ಪುಸ್ತಕದಿಂದ ದೊಡ್ಡ ಪ್ರಯೋಜನ ಕಾಣಲಿಕ್ಕಿಲ್ಲ. ಮೂರು ವರ್ಷ ಆದರೆ ಹೋಲಿಸಬಹುದು. ಹತ್ತು ವರ್ಷ ಆದರೆ ಅದು ಮನೆಯ ಆಸ್ತಿ. ಪುಸ್ತಕ ಮಳೆ ತರುವುದಿಲ್ಲ, ಬತ್ತಿದ ಬಾವಿ ತುಂಬುವುದಿಲ್ಲ. ಇಲ್ಲದ ನೀರನ್ನು ನಂಬಿ ಬೀಜ, ಸಾಲ, ಶ್ರಮ ಮಣ್ಣುಪಾಲು ಮಾಡುವುದನ್ನು ಮಾತ್ರ ತಪ್ಪಿಸೀತು. ನಮ್ಮಂಥ ಸಣ್ಣ ಹಿಡುವಳಿಯವರಿಗೆ ಅದೇನು ಕಡಿಮೆಯೇ?

ಕೊನೆಯದಾಗಿ ಒಂದು ಮಾತು. ಮಳೆ ಬಂದ ದಿನ ಎಲ್ಲರೂ ಬರೆಯುತ್ತಾರೆ. ಬಾರದ ದಿನವೂ ತಾರೀಖು ಹಾಕಿ, ಮುಂದೆ ಸೊನ್ನೆ ಬರೆಯಿರಿ. ಮಾರಿಕಣಿವೆಯ ದಫ್ತರದಲ್ಲಿ ನೀರು ಕೋಡಿ ಮುಟ್ಟದ ದಿನಗಳನ್ನು 89 ವರ್ಷ ಬೇಸರವಿಲ್ಲದೆ ಬರೆದಿಟ್ಟಿದ್ದರು. 2022ರಲ್ಲಿ ಕೋಡಿ ಬಿದ್ದಾಗ ಅದರ ಬೆಲೆ ತಿಳಿದದ್ದು ಆ ಬರಹದಿಂದ. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿದ್ದಾಗ ಇದು ಮೂರನೆಯ ಸಲ ಎಂದು ಜನ ಎಣಿಸಿ ಹೇಳಿದರು.

ಮನೆಯಲ್ಲಿ ಮಕ್ಕಳ ಹಳೇ ನೋಟುಪುಸ್ತಕದಲ್ಲಿ ನಾಲ್ಕು ಹಾಳೆ ಖಾಲಿ ಇರುತ್ತದೆ. ನಾಳೆ ಬೆಳಿಗ್ಗೆ ಎಂಟೂವರೆಗೆ ಅದನ್ನು ತೆಗೆಯಿರಿ.